‘ಇಂದ್ರ’ ಎಂಬ ಉಪನಾಮ: ಪುಷ್ಪಿಕೆಗಳ ಓದಿಗೆ ಸಂಬಂಧಿಸಿದ ಒಂದು ವಿಮರ್ಶೆ

ತುಳುನಾಡಿನ ಜೈನ ಬಸದಿಗಳಲ್ಲಿ ಪರಂಪರೆಯಿಂದ ಪೂಜೆ ನಡೆಸಿಕೊಂಡು ಬಂದ ಮನೆತನಗಳವರು ತಮ್ಮ ಹೆಸರಿನ ಕೊನೆಯಲ್ಲಿ ‘ಇಂದ್ರ’ ಎಂದು ಬರೆದುಕೊಳ್ಳುವುದು ಆ ಪ್ರಾಂತದವರಿಗೆ ಸುಪರಿಚಿತವಾದ ಸಂಗತಿ. ಮೂಡುಬಿದಿರೆ, ಕಾರ್ಕಳ, ವೇಣೂರು ಮತ್ತು ಇವುಗಳ ಸುತ್ತಣ ಗ್ರಾಮಗಳ ಬಸದಿಗಳಲ್ಲಿ ‘ಇಂದ್ರರು ಬಂದರೇ?’ ಎಂದು ಶ್ರಾವಕರು ಕೇಳಿದರೆ ಅದು ದೇವಲೋಕದ ಮಾತಾಗುವುದಿಲ್ಲ. ಗರ್ಭಗೃಹದ ಬಾಗಿಲು ತೆಗೆಯಬೇಕಾದ ಅರ್ಚಕರ ವಿಚಾರವಾಗುತ್ತದೆ. ಘಟ್ಟವನ್ನು ಹತ್ತಿ ಮೇಲಕ್ಕೆ ಬಂದರೆ ಈ ಮಾತು ಕೇಳಿಸುವುದಿಲ್ಲ. ಅಲ್ಲಿ ಇದೇ ಕಾರ್ಯವನ್ನು ಮಾಡುವವರು ಉಪಾಧ್ಯಾಯರು, ಪಂಡಿತರು, ಶಾಸ್ತ್ರಿಗಳು. ಇನ್ನೂ ಉತ್ತರಕ್ಕೆ ಬೆಳಗಾವಿ, ಕೊಲ್ಲಾಪುರಗಳ ಕಡೆಗೆ ಹೋದರೆ ಅವರೇ ಉಪಾಧ್ಯೆಗಳಾಗುತ್ತಾರೆ. ಸದಲಗಿಯಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರ ಹೆಸರಿನಿಂದಾಗಿ ಆ ರೂಪವು ವಿದ್ವತ್ಪ್ರಪಂಚದಲ್ಲೆಲ್ಲ ಪರಿಚಿತವಾಯಿತು. ‘ಇಂದ್ರ’ ಎಂಬುದಕ್ಕೆ ಅಂತಹ ಪ್ರಸಿದ್ಧಿ ದೊರೆಯಲಿಲ್ಲ. ಪಶ್ಚಿಮ ಘಟ್ಟಕ್ಕೂ ಸಮುದ್ರಕ್ಕೂ ನಡುವಣ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಅದು ಉಳಿದುಕೊಂಡಿತು.

ಒಂದು ಉಪನಾಮದ ಮೂಲವನ್ನು ಹುಡುಕುವುದು ಹಸ್ತಪ್ರತಿ ಶಾಸ್ತ್ರದ ಕೆಲಸವೇ ಎಂದು ಕೆಲವರು ಕೇಳಬಹುದು. ಓಲೆಗರಿಗಳ ಕಟ್ಟನ್ನು ಬಿಚ್ಚಿ ಕೊನೆಯ ಗರಿಯ ಪುಷ್ಪಿಕೆಯನ್ನು ಓದಿ ಲಿಪಿಕಾರನನ್ನು ಗುರುತಿಸಬೇಕಾದವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ‘ಇಂದ್ರ’ ಎಂಬ ಎರಡು ಅಕ್ಷರಗಳನ್ನು ಹೇಗೆ ಓದಿದರೆಂಬುದರ ಮೇಲೆ ಒಂದು ಪ್ರತಿಯ ಸ್ಥಳ ಬದಲಾಗುತ್ತದೆ, ಕಾಲ ಬದಲಾಗುತ್ತದೆ. ಕೆಲವೊಮ್ಮೆ ಇಲ್ಲದ ಮನುಷ್ಯನೊಬ್ಬನು ಗ್ರಂಥಸೂಚಿಯಲ್ಲಿ ಹುಟ್ಟಿಕೊಳ್ಳುತ್ತಾನೆ, ಇದ್ದವನು ಮರೆಯಾಗುತ್ತಾನೆ.

ಈ ಉಪನಾಮದ ವಿಚಾರದಲ್ಲಿ ಮೊದಲು ಪರಿಶೀಲಿಸಬೇಕಾದದ್ದು ‘ಇಂದ್ರ ಜಾತಿ’ ಎಂಬ ಮಾತನ್ನು. 1909ರಲ್ಲಿ ಪ್ರಕಟವಾದ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬೃಹದ್ಗ್ರಂಥದಲ್ಲಿ ದಕ್ಷಿಣ ಕನ್ನಡದ ಜೈನರ ಅರ್ಚಕವರ್ಗವು ಇಂದ್ರ ಎಂಬ ಒಳಜಾತಿಯೆಂದೂ ಅದರಲ್ಲಿ ಕನ್ನಡ ಪೂಜಾರಿ, ತುಳು ಪೂಜಾರಿ ಎಂಬ ಎರಡು ಪಂಗಡಗಳಿವೆಯೆಂದೂ ಕನ್ನಡ ಪೂಜಾರಿಗಳು ಮೂಲತಃ ಘಟ್ಟದ ಮೇಲಿನಿಂದ ಬಂದವರೆಂದೂ ಹೇಳಿದೆ. ಜನಗಣತಿಯ ಅಧಿಕಾರಿಗಳಿಗೆ ಒಂದೊಂದು ಗುಂಪಿಗೂ ಒಂದೊಂದು ಖಾನೆ ಬೇಕಾಗಿತ್ತು. ಆ ಖಾನೆಯ ತಲೆಗೆ ಒಂದು ಹೆಸರು ಬೇಕಾಗಿತ್ತು. ಕೇಳಿದಾಗ ‘ಇಂದ್ರರು’ ಎಂದು ಉತ್ತರ ಬಂದಿತು, ಬರೆದುಕೊಂಡರು. ಆ ಶಬ್ದವು ಹುಟ್ಟಿನಿಂದ ಬರುವ ಗುಂಪಿನ ಹೆಸರೋ, ಮಾಡುವ ಕಾರ್ಯದ ಹೆಸರೋ ಎಂಬ ವಿವೇಚನೆಗೆ ಅಲ್ಲಿ ಎಡೆಯಿರಲಿಲ್ಲ. ಮುಂದಿನ ಲೇಖಕರು ಆ ಮಾತನ್ನೇ ಪ್ರಮಾಣವಾಗಿಟ್ಟುಕೊಂಡು ‘ಇಂದ್ರ ಜಾತಿಯ ಮೂಲ’ವನ್ನು ಹುಡುಕತೊಡಗಿದರೆ ಅವರು ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪಿದಂತೆ. ಆದರೂ ಆ ಹೇಳಿಕೆಯಲ್ಲಿ ಒಂದು ಬೆಲೆಯುಳ್ಳ ಅಂಶವಿದೆ. ಘಟ್ಟದ ಮೇಲಿನಿಂದ ಬಂದವರೆಂಬ ಐತಿಹ್ಯವನ್ನು ಅದು ಉಳಿಸಿಕೊಟ್ಟಿದೆ. ಅದನ್ನು ಮುಂದೆ ವಿಚಾರಿಸಬಹುದು.

ಜೈನಾಗಮದಲ್ಲಿ ಇಂದ್ರನೆಂಬುದು ಒಬ್ಬ ವ್ಯಕ್ತಿಯ ಅಂಕಿತನಾಮವಲ್ಲ, ಒಂದು ಪದವಿ. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ದೇವನಿಕಾಯಗಳ ಹತ್ತು ಶ್ರೇಣಿಗಳನ್ನು ಹೇಳುವಾಗ ಇಂದ್ರನು ಮೊದಲ ಶ್ರೇಣಿ. ಸಾಮಾನಿಕ, ತ್ರಾಯಸ್ತ್ರಿಂಶ, ಪಾರಿಷದ ಮೊದಲಾದವರು ಅನಂತರದವರು. ಭವನವಾಸಿಗಳಲ್ಲಿ 40, ವ್ಯಂತರರಲ್ಲಿ 32, ಕಲ್ಪವಾಸಿಗಳಲ್ಲಿ 24, ಜ್ಯೋತಿಷ್ಕರಲ್ಲಿ ಚಂದ್ರಸೂರ್ಯರಿಬ್ಬರು, ಮನುಷ್ಯರಲ್ಲಿ ಚಕ್ರವರ್ತಿ, ತಿರ್ಯಂಚರಲ್ಲಿ ಸಿಂಹ, ಹೀಗೆ ಒಟ್ಟು 100 ಇಂದ್ರರು. ಈ ಪದವಿಗೆ ಬರುವವರಿದ್ದಾರೆ, ಆಯುಷ್ಯ ತೀರಿದೊಡನೆ ಬಿಡುವವರಿದ್ದಾರೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣವು ನಿರೂಪಿಸುವ 53 ಗರ್ಭಾನ್ವಯ ಕ್ರಿಯೆಗಳ ಸಾಲಿನಲ್ಲಿ ಇಂದ್ರೋಪಪಾದ, ಇಂದ್ರಾಭಿಷೇಕ ಎಂಬ ಕ್ರಿಯೆಗಳಿರುವಂತೆ ಇಂದ್ರತ್ಯಾಗವೆಂಬ ಕ್ರಿಯೆಯೂ ಇದೆ. ಪದವಿಯನ್ನು ಪಡೆಯುವುದಕ್ಕೆ ಒಂದು ವಿಧಿಯಿದ್ದಂತೆ ಅದನ್ನು ತೊರೆಯುವುದಕ್ಕೂ ಒಂದು ವಿಧಿ! ವೈದಿಕ ಪುರಾಣಗಳ ಇಂದ್ರನನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉಪನಾಮಕ್ಕೆ ಅರ್ಥ ಹೇಳಹೊರಟವರಿಗೆ ಈ ಸಂಗತಿ ಹೊಳೆಯುವಂತಿಲ್ಲ.

ಸೌಧರ್ಮೇಂದ್ರನು ಜಿನಶಿಶುವನ್ನು ಐರಾವತದ ಮೇಲೆ ಮೇರುಪರ್ವತಕ್ಕೆ ಕೊಂಡೊಯ್ದು ಪಾಂಡುಕಶಿಲೆಯ ಮೇಲೆ ಕ್ಷೀರಸಮುದ್ರದ ಜಲದಿಂದ ಜನ್ಮಾಭಿಷೇಕ ಮಾಡಿದನೆಂಬ ವೃತ್ತಾಂತವು ಪಂಪನ ಆದಿಪುರಾಣದಿಂದ ಮೊದಲುಗೊಂಡು ಕನ್ನಡ ತೀರ್ಥಂಕರ ಪುರಾಣಗಳ ಓದುಗರೆಲ್ಲರಿಗೂ ತಿಳಿದದ್ದೇ. ಬಸದಿಯಲ್ಲಿ ನಡೆಯುವ ಅಭಿಷೇಕವು ಆ ದಿವ್ಯಾಭಿಷೇಕದ ಅನುಕರಣ. ಆದುದರಿಂದ ಪೂಜಕನು ಕ್ರಿಯೆಯನ್ನು ಆರಂಭಿಸುವ ಮೊದಲು ತಿಲಕ, ಯಜ್ಞೋಪವೀತ, ಕಂಕಣ, ಮುಕುಟಗಳನ್ನು ಮಂತ್ರಪೂರ್ವಕವಾಗಿ ಧರಿಸಿ ತನ್ನಲ್ಲಿ ಇಂದ್ರತ್ವವನ್ನು ಭಾವಿಸಿಕೊಳ್ಳಬೇಕು. ಪೀಠವು ಮೇರುವಾಗುತ್ತದೆ, ಕಲಶದ ನೀರು ಕ್ಷೀರಸಮುದ್ರದ ಜಲವಾಗುತ್ತದೆ, ಪೂಜಕನು ಇಂದ್ರನಾಗುತ್ತಾನೆ. ಆಶಾಧರನು ವಿಕ್ರಮ ಸಂವತ್ 1285ರಲ್ಲಿ, ಎಂದರೆ ಕ್ರಿ.ಶ. 1228ರ ಸುಮಾರಿಗೆ, ರಚಿಸಿದ ಜಿನಯಜ್ಞಕಲ್ಪವೂ ಅದರ ಅನಂತರ ದಕ್ಷಿಣದಲ್ಲಿ ಪ್ರಚಾರಕ್ಕೆ ಬಂದ ಪ್ರತಿಷ್ಠಾತಿಲಕ ಮೊದಲಾದ ಗ್ರಂಥಗಳೂ ಈ ಭಾವನೆಯ ಮೇಲೆಯೇ ನಿಂತಿವೆ. ಇಲ್ಲಿ ಇಂದ್ರ ಎಂಬುದು ಕ್ರಿಯೆಯ ಆದಿಯಿಂದ ಅಂತ್ಯದವರೆಗೆ ಮಾತ್ರ ಸಲ್ಲುವ ಹೆಸರು.

ಇಂದಿಗೂ ಪಂಚಕಲ್ಯಾಣ ಮಹೋತ್ಸವಗಳಲ್ಲಿ ಶ್ರಾವಕ ದಂಪತಿಗಳು ಸೌಧರ್ಮೇಂದ್ರ ಮತ್ತು ಶಚೀದೇವಿಯರ ಸ್ಥಾನವನ್ನು ದಾನಪೂರ್ವಕವಾಗಿ ಪಡೆದು, ಮುಕುಟ ಧರಿಸಿ, ಆನೆಯ ಮೇಲೆ ಮೆರವಣಿಗೆ ಹೊರಡುತ್ತಾರೆ; ಉತ್ಸವ ಮುಗಿದ ಮರುದಿನ ಅವರು ಎಂದಿನಂತೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುತ್ತಾರೆ. ತುಳುನಾಡಿನಲ್ಲಿ ಅಂತಹ ಉತ್ಸವ ನಡೆದಾಗ ಒಂದು ವಿಶೇಷವಾದ ದೃಶ್ಯ ಕಾಣುತ್ತದೆ. ಐದಾರು ದಿನಗಳ ಮಟ್ಟಿಗೆ ಇಂದ್ರನಾದ ಶ್ರಾವಕನು ಒಂದು ಪಕ್ಕದಲ್ಲಿ, ತಲೆತಲಾಂತರದಿಂದ ಇಂದ್ರನೆನಿಸಿಕೊಂಡ ಪುರೋಹಿತನು ಇನ್ನೊಂದು ಪಕ್ಕದಲ್ಲಿ! ಮೊದಲನೆಯವನಿಗೆ ಮಂತ್ರ ಹೇಳಿಕೊಡುವವನು ಎರಡನೆಯವನು. ತಾತ್ಕಾಲಿಕವಾದ ಪದವಿಯೊಂದು ಒಂದು ಪ್ರಾಂತದಲ್ಲಿ ಮಾತ್ರ ಶಾಶ್ವತವಾದ ಉಪನಾಮವಾದದ್ದು ಹೇಗೆ ಎಂಬುದೇ ವಿಚಾರದ ತಿರುಳು.

ಇದಕ್ಕೆ ರಾಜವಂಶಗಳಲ್ಲಿ ಉತ್ತರ ಹುಡುಕುವುದು ನಿಷ್ಫಲ. ರಾಷ್ಟ್ರಕೂಟರಲ್ಲಿ ಇಂದ್ರನೆಂಬ ಹೆಸರಿನ ಅರಸರು ಹಲವರಿದ್ದರು. ಅವರಲ್ಲಿ ಕೊನೆಯವನಾದ ನಾಲ್ವಡಿ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನು. ಶಕ 861ರಲ್ಲಿ ಮಾನ್ಯಖೇಟದಲ್ಲಿ ಜ್ವಾಲಾಮಾಲಿನೀಕಲ್ಪವನ್ನು ಮುಗಿಸಿದ ಇಂದ್ರನಂದಿಯೂ ಉಂಟು. ಜೈನ ಸಂಬಂಧವಿದೆ, ಕನ್ನಡ ನಾಡಿನ ಸಂಬಂಧವಿದೆ, ಹೆಸರಿನ ಸಾಮ್ಯವಿದೆ. ವಂಶವೃಕ್ಷ ಕಟ್ಟುವ ಚಪಲವುಳ್ಳವರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಆದರೆ ಅರಸನದು ಅಂಕಿತನಾಮ, ಮುನಿಯದು ದೀಕ್ಷಾನಾಮ. ಮುನಿಗೆ ಸಂತತಿಯಿಲ್ಲ. ಅರಸನ ಸಂತತಿಯವರು ಪೂಜಾವೃತ್ತಿಯನ್ನು ಹಿಡಿದರೆಂಬುದಕ್ಕೆ ಶಾಸನದ ಆಧಾರವಾಗಲಿ ಪ್ರಶಸ್ತಿಯ ಆಧಾರವಾಗಲಿ ಇಲ್ಲ. ಅಕ್ಷರಸಾಮ್ಯವೊಂದನ್ನೇ ಹಿಡಿದು ಹೊರಟರೆ ಬಂಗಾಳದ ಇಂದ್ರ ಉಪನಾಮದವರನ್ನೂ ಅಂಕಿತನಾಮವಾಗಿ ಈ ಶಬ್ದವನ್ನಿಟ್ಟುಕೊಳ್ಳುವ ಇಂಡೊನೇಷ್ಯದ ಜನರನ್ನೂ ಇದೇ ಪಟ್ಟಿಗೆ ಸೇರಿಸಬೇಕಾದೀತು.

ಅರ್ಚಕ ಮನೆತನವೊಂದರ ನಿಜವಾದ ವಂಶಾವಳಿಯು ಹೇಗಿರುತ್ತದೆಂಬುದಕ್ಕೆ ಬ್ರಹ್ಮಸೂರಿಯ ಗ್ರಂಥಪ್ರಶಸ್ತಿಯು ಉತ್ತಮ ನಿದರ್ಶನ. ಸಮಂತಭದ್ರರ ದೇವಾಗಮಸ್ತೋತ್ರದ ಪ್ರಭಾವದಿಂದ ಜೈನಧರ್ಮವನ್ನು ಸ್ವೀಕರಿಸಿದ ಗೋವಿಂದಭಟ್ಟ. ಆತನ ಮಗ ವಿಕ್ರಾಂತಕೌರವ, ಮೈಥಿಲೀಕಲ್ಯಾಣ ಮೊದಲಾದ ನಾಟಕಗಳ ಕರ್ತೃ ಹಸ್ತಿಮಲ್ಲ. ಆತನ ಮಗ ಪಾರ್ಶ್ವಪಂಡಿತ. ಈ ಪಾರ್ಶ್ವಪಂಡಿತನು ಬಂಧುಗಳೊಡನೆ ತಮಿಳುನಾಡಿನ ದೀಪಂಗುಡಿಯನ್ನು ಬಿಟ್ಟು ಹೊಯ್ಸಳ ದೇಶದ ಛತ್ರತ್ರಯಪುರಿಗೆ ಬಂದು ನೆಲಸಿದನು. ಆತನ ಮಕ್ಕಳು ಚಂದ್ರಪ, ಚಂದ್ರನಾಥ, ವೈಜಯ್ಯ. ಚಂದ್ರನಾಥನು ಹೇಮಾಚಲಕ್ಕೆ ಹೋದನು, ಉಳಿದವರು ಬೇರೆ ಬೇರೆ ಸ್ಥಳಗಳಲ್ಲಿ ನಿಂತರು. ಚಂದ್ರಪನ ಮಗ ವಿಜಯೇಂದ್ರ, ವಿಜಯೇಂದ್ರನ ಮಗ ಬ್ರಹ್ಮಸೂರಿ. ಆರು ತಲೆಮಾರುಗಳ ಈ ಸಾಲನ್ನು ಎರಡು ಸಲ ಓದಬೇಕು. ಪೂಜೆ ಪ್ರತಿಷ್ಠೆಗಳನ್ನೇ ಕುಲವೃತ್ತಿಯಾಗಿ ಉಳ್ಳ ಮನೆತನವಿದು. ಪ್ರತಿಷ್ಠಾಶಾಸ್ತ್ರವನ್ನು ರಚಿಸಿದವನೇ ಇದರಲ್ಲಿ ಹುಟ್ಟಿದ್ದಾನೆ. ಆದರೂ ಇಲ್ಲಿ ಒಂದು ಸ್ಥಿರವಾದ ಉಪನಾಮವಿಲ್ಲ. ಭಟ್ಟ, ಪಂಡಿತ, ನಾಥ, ಅಯ್ಯ, ಸೂರಿ ಎಂದು ಒಬ್ಬೊಬ್ಬನ ಹೆಸರಿನ ಕೊನೆ ಒಂದೊಂದು ಬಗೆ.

ಇನ್ನು ‘ವಿಜಯೇಂದ್ರ’ ಎಂಬ ಹೆಸರು. ಇದನ್ನು ‘ವಿಜಯ ಇಂದ್ರ’ ಎಂದು ಬಿಡಿಸಿ, ಇಂದ್ರ ಉಪನಾಮಕ್ಕೆ ಹೊಯ್ಸಳ ದೇಶದಲ್ಲಿಯೇ ಪುರಾತನವಾದ ಆಧಾರ ಸಿಕ್ಕಿತೆಂದು ಸಂತೋಷಪಡಲು ಅವಕಾಶವಿದೆ. ಆ ಸಂತೋಷ ಸಲ್ಲದು. ಆತನ ತಂದೆ ಚಂದ್ರಪನಿಗೆ ಇಂದ್ರಪದವಿಲ್ಲ, ಮಗ ಬ್ರಹ್ಮಸೂರಿಗೂ ಇಲ್ಲ. ತಂದೆಗೂ ಇಲ್ಲದ, ಮಗನಿಗೂ ಇಳಿಯದ ಶಬ್ದವನ್ನು ಉಪನಾಮವೆಂದು ಕರೆಯುವಂತಿಲ್ಲ. ಜಿನೇಂದ್ರ, ಮುನೀಂದ್ರ, ನರೇಂದ್ರ ಎಂಬಲ್ಲಿರುವಂತೆ ಇಲ್ಲಿಯ ಇಂದ್ರವೂ ಶ್ರೇಷ್ಠಾರ್ಥದ ಉತ್ತರಪದ. ಸಂಸ್ಕೃತದಲ್ಲಿ ಬರೆದ ಪುಷ್ಪಿಕೆಗಳ ತೊಡಕು ಇರುವುದೇ ಇಲ್ಲಿ. ಶಾಂತಿರಾಜ ಎಂಬ ಅರ್ಚಕನು ಇಂದ್ರನೆಂದು ಹೇಳಿಕೊಂಡರೆ ಸಂಧಿಯಾಗಿ ‘ಶಾಂತಿರಾಜೇಂದ್ರ’ ಎಂದಾಗುತ್ತದೆ. ಶಾಂತಿರಾಜೇಂದ್ರನೆಂಬ ಅಂಕಿತನಾಮವೇ ಇದ್ದರೂ ಓಲೆಯ ಮೇಲೆ ಅಕ್ಷರಗಳು ಅವೇ. ಪದಗಳ ನಡುವೆ ಎಡೆಬಿಡದೆ ಬರೆಯುವ ಓಲೆಗರಿಯಲ್ಲಿ ಇವೆರಡನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಕನ್ನಡದ ಪುಷ್ಪಿಕೆಗಳಲ್ಲಿ ಈ ತೊಂದರೆ ಕಡಮೆ. ‘ಇಂದ್ರನು’, ‘ಇಂದ್ರರು’ ಎಂದು ಶಬ್ದವು ಬಿಡಿಯಾಗಿ ನಿಲ್ಲುವುದುಂಟು, ಅದರ ಹಿಂದೆ ಊರಿನ ಅಥವಾ ಬಸದಿಯ ಹೆಸರು ಬರುವುದುಂಟು. ಬಸದಿಯ ಹೆಸರಿಗೆ ಅಂಟಿಕೊಂಡು ಬಂದ ಇಂದ್ರಶಬ್ದವು ವೃತ್ತಿಸೂಚಕ. ವ್ಯಕ್ತಿಯ ಹೆಸರಿಗೆ ಅಂಟಿಕೊಂಡು ತಂದೆ ಮಕ್ಕಳಿಬ್ಬರಲ್ಲಿಯೂ ಕಾಣಿಸಿದ್ದು ಮಾತ್ರ ಉಪನಾಮ. ಒಂದೇ ಪುಷ್ಪಿಕೆಯ ಬಲದಿಂದ ಈ ನಿರ್ಣಯ ಮಾಡಬಾರದು. ಒಂದೇ ಮನೆಯ ಕಟ್ಟುಗಳಲ್ಲಿ ಎರಡು ತಲೆಮಾರಿನ ಬರವಣಿಗೆಯಾದರೂ ದೊರೆಯಬೇಕು.

ಈಗ ಘಟ್ಟದ ಮೇಲಿನಿಂದ ಬಂದವರೆಂಬ ಐತಿಹ್ಯದ ವಿಚಾರ. ಇದನ್ನು ಅಲ್ಲಗಳೆಯಲು ಕಾರಣವಿಲ್ಲ. ಕಾರ್ಕಳದ ಗೊಮ್ಮಟಮೂರ್ತಿಯು 1432ರಲ್ಲಿ ಪ್ರತಿಷ್ಠಿತವಾದದ್ದು ಪನಸೋಗೆಯ ಪರಂಪರೆಗೆ ಸೇರಿದ ಲಲಿತಕೀರ್ತಿಗಳ ಉಪದೇಶದಿಂದ. ಪನಸೋಗೆಯು ಕಾವೇರಿ ಸೀಮೆಯ ಇಂದಿನ ಹನಸೋಗೆ. ವೇಣೂರಿನ ಗೊಮ್ಮಟನು 1604ರ ಮಾರ್ಚ್ 1ರಂದು ನಿಂತದ್ದು ಬೆಳಗೊಳದ ಚಾರುಕೀರ್ತಿಗಳ ಆದೇಶದಿಂದ. ಮೂಡುಬಿದಿರೆಯ ಪೀಠಕ್ಕೂ ಬೆಳಗೊಳದೊಡನೆಯೇ ಸಂಬಂಧ. ಗುರುಪೀಠಗಳೇ ಮೇಲಿನಿಂದ ಕೆಳಗಿಳಿದು ಬಂದಿರುವಾಗ ಪೀಠಕ್ಕೆ ಬೇಕಾದ ಪುರೋಹಿತರು ಜೊತೆಯಲ್ಲಿ ಬಂದರೆಂಬುದು ಸಹಜ. ಲಿಪಿಯ ಸಾಕ್ಷ್ಯವೂ ಇದಕ್ಕೆ ವಿರೋಧವಾಗಿಲ್ಲ. ತುಳುನಾಡಿನ ವೈದಿಕ ಮನೆತನಗಳು ತಿಗಳಾರಿ ಲಿಪಿಯಲ್ಲಿ ಗ್ರಂಥಗಳನ್ನು ಬರೆಸಿಕೊಂಡರೆ ಅದೇ ನೆರೆಯ ಜೈನ ಭಂಡಾರಗಳ ಓಲೆಗಳು, ಪ್ರಾಕೃತ ಸಂಸ್ಕೃತ ಗ್ರಂಥಗಳು ಕೂಡ, ಪ್ರಾಯಶಃ ಕನ್ನಡ ಲಿಪಿಯಲ್ಲಿವೆ. ಮನೆಯಲ್ಲಿ ತುಳು, ಬಸದಿಯಲ್ಲಿ ಕನ್ನಡ ಲಿಪಿಯ ಓಲೆ: ಈ ವಿದ್ಯೆಯ ಒರತೆ ಎಲ್ಲಿಯದೆಂಬುದನ್ನು ಇದೇ ತೋರಿಸುತ್ತದೆ.

ಹಾಗಿದ್ದಲ್ಲಿ, ಮೇಲಿನಿಂದ ಬಂದವರ ಉಪನಾಮವು ಮೇಲೆ ಏಕೆ ಇಲ್ಲ? ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಹಲವರು ಮುಂದೆ ಸಾಗುತ್ತಾರೆ. ಜನರ ಮೂಲ ಬೇರೆ, ಹೆಸರಿನ ಮೂಲ ಬೇರೆ. ಜನರು ಘಟ್ಟದ ಮೇಲಿನಿಂದ ಬಂದಿರಬಹುದು. ಹೆಸರು ಹುಟ್ಟಿದ್ದು ಘಟ್ಟದ ಕೆಳಗೆ. ಉಪನಾಮದ ಹರವನ್ನು ತೋರಿಸುವ ನಕ್ಷೆಯು ಆ ಹೆಸರು ಎಲ್ಲಿ ಗಟ್ಟಿಯಾಯಿತೆಂಬುದನ್ನು ಹೇಳೀತೇ ಹೊರತು ಅದನ್ನು ಹೊತ್ತವರ ಪೂರ್ವಜರು ಎಲ್ಲಿದ್ದರೆಂಬುದನ್ನು ಹೇಳಲಾರದು. ಪಾರ್ಶ್ವಪಂಡಿತನ ಮನೆತನವು ದೀಪಂಗುಡಿಯಿಂದ ಹೊಯ್ಸಳ ದೇಶಕ್ಕೆ ಬಂದದ್ದು ತಿಳಿದದ್ದು ಪ್ರಶಸ್ತಿಯಿಂದ. ಅವರ ಹೆಸರುಗಳನ್ನಷ್ಟೇ ನೋಡಿ ಅದನ್ನು ಊಹಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಘಟ್ಟದ ಕೆಳಗೆ ಹೆಸರು ಗಟ್ಟಿಯಾದುದಕ್ಕೆ ಆ ನಾಡಿನ ಸಮಾಜರಚನೆಯೇ ಕಾರಣವೆಂದು ತೋರುತ್ತದೆ. ತುಳುನಾಡಿನ ಜೈನ ಶ್ರಾವಕರು ಅಳಿಯಸಂತಾನದವರು. ವೇಣೂರಿನ 1604ರ ಶಾಸನವು ಪ್ರತಿಷ್ಠಾಪಕನಾದ ತಿಮ್ಮರಾಜನನ್ನು ಪರಿಚಯಿಸುವ ಕ್ರಮವನ್ನೇ ನೋಡಬೇಕು: ಆತನು ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯರಾಜನ ತಮ್ಮ. ಅಳಿಯತನ ಬಂದಿತು, ತಾಯಿ ಬಂದಳು, ಅಣ್ಣ ಬಂದನು, ತಂದೆಯ ಮಾತಿಲ್ಲ. ಬ್ರಹ್ಮಸೂರಿಯ ಪ್ರಶಸ್ತಿಯಲ್ಲಿ ತಂದೆ ಮಕ್ಕಳಲ್ಲದೆ ಬೇರೆ ಯಾರೂ ಇಲ್ಲ. ಒಂದೇ ಧರ್ಮದ ಒಳಗಿನ ಎರಡು ದಾಯಕ್ರಮಗಳಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಇಂದ್ರರಾದರೋ ತುಳುನಾಡಿನಲ್ಲಿದ್ದೂ ಮಕ್ಕಳಸಂತಾನವನ್ನೇ ಅನುಸರಿಸಿದವರು. ಸುತ್ತಲೂ ಸೊತ್ತು ಮತ್ತು ಮನೆತನದ ಹೆಸರು ಸೋದರಮಾವನಿಂದ ಅಳಿಯನಿಗೆ ಇಳಿಯುತ್ತಿದ್ದ ಸಮಾಜದಲ್ಲಿ ಪೂಜೆಯ ಹಕ್ಕು ಮಾತ್ರ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಈ ಭಿನ್ನತೆಯನ್ನು ಸೂಚಿಸುವ ಒಂದು ಹೆಸರಿನ ಅವಶ್ಯಕತೆ ಅಲ್ಲಿ ಹುಟ್ಟಿತು. ಘಟ್ಟದ ಮೇಲೆ ಶ್ರಾವಕರೂ ಅರ್ಚಕರೂ ಮಕ್ಕಳಸಂತಾನದವರೇ ಆದ್ದರಿಂದ ಅಂತಹ ಒತ್ತಡವೇ ಇರಲಿಲ್ಲ.

ಆ ನಾಡಿನ ಇತರ ಹೆಸರುಗಳೂ ಇದೇ ಮಾತನ್ನು ಹೇಳುತ್ತವೆ. ಹೆಗ್ಗಡೆ, ಬಲ್ಲಾಳ, ಅಧಿಕಾರಿ, ಶೆಟ್ಟಿ ಎಂಬವೆಲ್ಲ ಮೊದಲು ಪದವಿಗಳು, ಅನಂತರ ಉಪನಾಮಗಳು. ಸ್ಥಾನಸೂಚಕ ಶಬ್ದವು ಮನೆತನದ ಹೆಸರಾಗುವುದು ಅಲ್ಲಿಯ ರೂಢಿ. ಬಸದಿಯ ಆಡಳಿತ ಮಾಡುವವನು ಹೆಗ್ಗಡೆಯಾದರೆ ಪೂಜೆ ಮಾಡುವವನು ಇಂದ್ರನಾದದ್ದರಲ್ಲಿ ಆಶ್ಚರ್ಯವಿಲ್ಲ. ‘ಉಪಾಧ್ಯಾಯ’ ಎಂಬುದನ್ನೇ ಅವರು ಏಕೆ ಉಳಿಸಿಕೊಳ್ಳಲಿಲ್ಲವೆಂಬುದಕ್ಕೂ ಅಲ್ಲಿಯೇ ಉತ್ತರವಿದೆ. ತುಳುನಾಡಿನಲ್ಲಿ ಉಪಾಧ್ಯಾಯ ಎಂಬುದು ವೈದಿಕರಲ್ಲಿ, ವಿಶೇಷವಾಗಿ ಶಿವಳ್ಳಿಯವರಲ್ಲಿ, ಬೇರೂರಿದ ಉಪನಾಮ. ಒಂದೇ ಗ್ರಾಮದಲ್ಲಿ ದೇವಸ್ಥಾನದ ಉಪಾಧ್ಯಾಯರೂ ಬಸದಿಯ ಉಪಾಧ್ಯಾಯರೂ ಇದ್ದರೆ ಜನರ ಬಾಯಿಗೂ ಕಷ್ಟ, ತಸ್ತೀಕಿನ ಲೆಕ್ಕ ಬರೆಯುವ ಶಾನುಭೋಗನಿಗೂ ಕಷ್ಟ. ‘ಇಂದ್ರ’ ಎಂದರೆ ಸಂದೇಹಕ್ಕೆ ಎಡೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಸರಕಾರಿ ದಫ್ತರಗಳು ಈ ರೂಢಿಯನ್ನು ಕಾಗದದ ಮೇಲೆ ಕಟ್ಟಿಹಾಕಿದವು. ಅಲ್ಲಿಂದ ಮುಂದೆ ಪೂಜೆ ಬಿಟ್ಟವನೂ ಇಂದ್ರನಾಗಿಯೇ ಉಳಿದನು. ಇಂದ್ರತ್ಯಾಗ ಕ್ರಿಯೆಗೆ ದಫ್ತರದಲ್ಲಿ ಅವಕಾಶವಿರಲಿಲ್ಲ.

ಒಂದೇ ಸ್ಥಳದಲ್ಲಿ ಎರಡು ಪದ್ಧತಿಗಳು ಎದುರುಬದುರಾದ ಒಂದು ಪ್ರಸಂಗವನ್ನು ಸಿದ್ಧಾಂತಗ್ರಂಥಗಳ ಇತಿಹಾಸದಲ್ಲಿ ಕಾಣಬಹುದು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ, ಜಯಧವಲಾ, ಮಹಾಧವಲಾ ಪ್ರತಿಗಳ ನಕಲು ಕಾರ್ಯವು 1896ರಲ್ಲಿ ಆರಂಭವಾಗಿ 1922ರವರೆಗೆ ನಡೆಯಿತು. ಅದನ್ನು ಮೊದಲು ಕೈಗೊಂಡವರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮಿರಜದ ಗಜಪತಿ ಉಪಾಧ್ಯಾಯರು. ಹಳಗನ್ನಡದ ಅಕ್ಷರಗಳಿಂದ ಇಂದಿನ ಕನ್ನಡ ಲಿಪಿಗೆ ಇಳಿಸಿದವರ ಹೆಸರುಗಳನ್ನು ನೋಡಿದರೆ ಒಂದರ ಕೊನೆಯಲ್ಲಿ ಸೆಟ್ಟಿ, ಒಂದರ ಕೊನೆಯಲ್ಲಿ ಉಪಾಧ್ಯಾಯ, ಒಂದರ ಕೊನೆಯಲ್ಲಿ ಇಂದ್ರ. ಬೆಳಗೊಳದ ಶಾಸ್ತ್ರಿ, ಮಿರಜದ ಉಪಾಧ್ಯಾಯ, ಕರಾವಳಿಯ ಇಂದ್ರ: ಜೈನ ಪುರೋಹಿತವರ್ಗದ ಭೂಗೋಲವೆಲ್ಲ ಒಂದೇ ಬಸದಿಯ ಒಂದೇ ಕೆಲಸದ ಸುತ್ತ ಬಂದು ಕುಳಿತಂತಿದೆ. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಪ್ರಥಮ ಸಂಪುಟವು ಅಮರಾವತಿಯಿಂದ ಹೊರಬಂದಾಗ ಓದುಗರ ಲಕ್ಷ್ಯವು 816ರಲ್ಲಿ ಟೀಕೆಯನ್ನು ಮುಗಿಸಿದ ವೀರಸೇನಾಚಾರ್ಯರ ಕಡೆಗೆ ಹರಿಯಿತು. ಅದು ಉಚಿತವೂ ಹೌದು. ಸವೆದ ಓಲೆಯ ಮೇಲಿನ ಅಕ್ಷರವನ್ನು ಕಣ್ಣಿಟ್ಟು ಓದಿ ಇಳಿಸಿದ ಈ ಲಿಪಿಕಾರರ ಹೆಸರುಗಳು ಪೀಠಿಕೆಯ ಒಂದೆರಡು ಸಾಲುಗಳಲ್ಲಿ ಉಳಿದುಕೊಂಡವು. ಆ ಒಂದೆರಡು ಸಾಲುಗಳೂ ಇಲ್ಲದಿದ್ದರೆ ಈ ನಿದರ್ಶನವೇ ಇರುತ್ತಿರಲಿಲ್ಲ.

ಗ್ರಂಥಸೂಚಿಗಳ ವಿಚಾರಕ್ಕೆ ಬಂದರೆ, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯ ಉಪಕಾರವನ್ನು ಎಷ್ಟು ಸ್ಮರಿಸಿದರೂ ಕಡಮೆಯೇ. ಮೂಡುಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳಲ್ಲಿ ಏನಿದೆಯೆಂಬುದನ್ನು ಹೊರಗಿನ ವಿದ್ವಾಂಸರು ತಿಳಿದದ್ದು ಅದರಿಂದ. ಆದರೆ ನಾಗರಿ ಲಿಪಿಯ ಸೂಚಿಗಳನ್ನು ಮಾತ್ರ ಆಧಾರವಾಗಿಟ್ಟುಕೊಂಡು ದೂರದಲ್ಲಿ ಕುಳಿತು ಕೆಲಸ ಮಾಡುವವರು ಕರಾವಳಿಯ ಹೆಸರುಗಳ ಕಟ್ಟನ್ನು ತಿಳಿಯದೆ ಹೋಗುವ ಸಂಭವ ಹೆಚ್ಚು. ಉತ್ತರ ಭಾರತದ ರೂಢಿಯಲ್ಲಿ ‘ಇಂದ್ರ’ ಎಂಬುದು ಅಂಕಿತನಾಮದ ತುಂಡು. ಅದನ್ನು ಹಿಂದಿನ ಶಬ್ದಕ್ಕೆ ಕೂಡಿಸಿ ಒಂದೇ ಹೆಸರು ಮಾಡುವುದು ಅವರಿಗೆ ಸಹಜವಾಗಿ ಕಾಣುತ್ತದೆ. ಹಾಗೆ ಕೂಡಿಸಿದೊಡನೆ ಆ ಲಿಪಿಕಾರನು ತುಳುನಾಡಿನ ಅರ್ಚಕನೆಂಬ ಸೂಚನೆ ಅಳಿಸಿಹೋಗುತ್ತದೆ. ಪ್ರತಿಯ ಸ್ಥಳವನ್ನು ಹೇಳಬಲ್ಲ ಏಕಮಾತ್ರ ಅಂಶವು ಅದೇ ಆಗಿದ್ದರೆ ಪ್ರತಿಯು ಅನಾಥವಾಯಿತೆಂದೇ ಅರ್ಥ. ಇದಕ್ಕೆ ವಿಪರೀತವಾದ ತಪ್ಪೂ ಉಂಟು. ತುಳುನಾಡನ್ನು ಬಲ್ಲ ಸೂಚೀಕಾರನು ಎಲ್ಲ ‘ಏಂದ್ರ’ಗಳನ್ನೂ ಬಿಡಿಸಿ ಇಂದ್ರರನ್ನಾಗಿ ಮಾಡಿಬಿಡಬಹುದು, ಆಗ ವಿಜಯೇಂದ್ರನಂತಹವರು ಹೊಯ್ಸಳ ದೇಶವನ್ನು ಬಿಟ್ಟು ಕರಾವಳಿಗೆ ಇಳಿಯಬೇಕಾಗುತ್ತದೆ.

‘ಶಾಸ್ತ್ರಿ’ ಎಂಬ ಶಬ್ದವು ಮತ್ತೊಂದು ತೊಡಕನ್ನು ತಂದಿತು. ಇಪ್ಪತ್ತನೆಯ ಶತಮಾನದಲ್ಲಿ ಕಾಶಿ, ಮೊರೇನಾ ಮೊದಲಾದ ಕಡೆಯ ಜೈನ ವಿದ್ಯಾಲಯಗಳಿಗೆ ಹೋಗಿ ಓದಿ ಬಂದ ಪುರೋಹಿತ ಮನೆತನದ ತರುಣರು ಪರೀಕ್ಷೆಯಿಂದ ಪಡೆದ ಶಾಸ್ತ್ರಿ ಪದವಿಯನ್ನೇ ಹೆಸರಿಗೆ ಸೇರಿಸಿಕೊಂಡರು. ಅಣ್ಣನು ಬಸದಿಯಲ್ಲಿ ಇಂದ್ರ, ತಮ್ಮನು ಪಾಠಶಾಲೆಯಲ್ಲಿ ಶಾಸ್ತ್ರಿ. ಒಂದೇ ಮನೆಯ ಎರಡು ಕೈಬರಹಗಳನ್ನು ಎರಡು ಮನೆತನಗಳವೆಂದು ವಿಂಗಡಿಸುವ ಪ್ರಮಾದಕ್ಕೆ ಇದರಿಂದ ದಾರಿಯಾಗುತ್ತದೆ. ಉಪನಾಮವನ್ನು ಮಾತ್ರ ಎಣಿಸಿ 1920ರಾಚೆಗೆ ಇಂದ್ರರು ಕಡಮೆಯಾದರೆಂದು ತೀರ್ಮಾನಿಸುವುದೂ ಅಂತಹುದೇ ಪ್ರಮಾದ.

ನಿಜವಾದ ಚದುರುವಿಕೆ ಆರಂಭವಾದದ್ದು ಆಮೇಲೆ. ಮದರಾಸಿನ 1949ರ ಅಳಿಯಸಂತಾನ ಶಾಸನವೂ 1956ರ ಹಿಂದೂ ಉತ್ತರಾಧಿಕಾರ ಶಾಸನವೂ ಶ್ರಾವಕರ ಕೂಡುಮನೆಗಳ ಸ್ವರೂಪವನ್ನು ಬದಲಾಯಿಸಿದವು. 1974ರ ಭೂಸುಧಾರಣೆಯಿಂದ ಬಸದಿಗಳ ಗೇಣಿಯ ಭೂಮಿಗಳು ಒಕ್ಕಲುಗಳಿಗೆ ಸಂದವು. ಒಕ್ಕಲಿಗೆ ಅದು ನ್ಯಾಯವಾಗಿಯೇ ದೊರೆಯಿತು. ಆದರೆ ಆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ಚಿಕ್ಕ ಬಸದಿಗಳ ನಿತ್ಯಪೂಜೆಯ ಭಾರವು ಅಲ್ಪವಾದ ಪರಿಹಾರಧನದ ಮೇಲೆ ಬಿದ್ದಿತು. ಗ್ರಾಮದ ಬಸದಿಯೊಂದರ ಉತ್ಪತ್ತಿಯಲ್ಲಿ ಸಂಸಾರ ಸಾಗದೆ ಹೋದಾಗ ಮಕ್ಕಳು ಮಂಗಳೂರು, ಬೆಂಗಳೂರು, ಮುಂಬಯಿಗಳ ಉದ್ಯೋಗಗಳಿಗೆ ಹೊರಟರು. ಹೆಸರು ಹೀಗೆ ನೂರಾರು ವರ್ಷಗಳ ತನ್ನ ಎಲ್ಲೆಯನ್ನು ಒಂದೆರಡು ತಲೆಮಾರುಗಳಲ್ಲಿ ದಾಟಿತು. ಇಂದಿನ ವಿಳಾಸಗಳನ್ನು ಆಧರಿಸಿ ಈ ಉಪನಾಮದ ಮೂಲವನ್ನು ಚರ್ಚಿಸುವವರಿಗೆ ಮುಂಬಯಿಯೂ ಒಂದು ಕೇಂದ್ರವಾಗಿ ತೋರಬಹುದು. ಅದು ಐವತ್ತು ವರ್ಷಗಳ ಈಚಿನ ಮಾತು.

ಹೋದವರ ಜೊತೆಯಲ್ಲಿ ಹೋಗದೆ ಉಳಿದದ್ದು ಓಲೆಗಳು. ಪುರೋಹಿತ ಮನೆಗಳ ಅಟ್ಟದ ಮೇಲೆ, ಪೂಜೆಯ ಕೋಣೆಯ ಮರದ ಪೆಟ್ಟಿಗೆಗಳಲ್ಲಿ ಇರುವುದು ಸಾಮಾನ್ಯವಾಗಿ ಕಾವ್ಯಗಳಲ್ಲ. ನೋಂಪಿಯ ಕಥೆಗಳು, ಆರಾಧನಾ ವಿಧಿಗಳು, ಪ್ರತಿಷ್ಠಾಪಾಠಗಳು, ಜ್ಯೋತಿಷ ವೈದ್ಯಗಳ ಬಿಡಿ ಗರಿಗಳು. ವಿದ್ವಾಂಸರು ಇವನ್ನು ‘ಪೂಜಾಪಾಠ’ ಎಂಬ ಒಂದೇ ಮಾತಿನಲ್ಲಿ ಸೂಚಿಸಿ ಮುಂದೆ ಸಾಗಿದ್ದಾರೆ. ಆದರೆ ದೊಡ್ಡ ಭಂಡಾರದ ಸಿದ್ಧಾಂತಗ್ರಂಥಕ್ಕಿಂತ ಈ ಸಣ್ಣ ಕಟ್ಟುಗಳಲ್ಲಿಯೇ ಲಿಪಿಕಾರನು ತನ್ನ ತಂದೆಯ ಹೆಸರನ್ನೂ ಬಸದಿಯ ಹೆಸರನ್ನೂ ಹೇಳಿಕೊಳ್ಳುವುದು ಹೆಚ್ಚು. ಏಕೆಂದರೆ ಅದು ಆತನ ಸ್ವಂತ ಕೆಲಸಕ್ಕೆ, ಮಗನ ಉಪಯೋಗಕ್ಕೆ ಬರೆದದ್ದು. ಇಂತಹ ಕಟ್ಟನ್ನು ಸೂಚಿಗೆ ಏರಿಸುವವನು ಪುಷ್ಪಿಕೆಯನ್ನು ಸಂಧಿ ಬಿಡಿಸದೆ, ಓಲೆಯಲ್ಲಿದ್ದ ಹಾಗೆಯೇ ಮೊದಲು ಬರೆದುಕೊಳ್ಳಬೇಕು. ತನ್ನ ಬಿಡಿಕೆಯನ್ನು ಅದರ ಕೆಳಗೆ ಬೇರೆಯಾಗಿ ಕೊಡಬೇಕು. ಕಟ್ಟು ಯಾವ ಮನೆಯಿಂದ ಬಂದಿತು, ಆ ಮನೆಯವರು ಯಾವ ಬಸದಿಯ ಪೂಜೆಯವರು ಎಂಬುದನ್ನು ಕೊಟ್ಟವರ ಬಾಯಿಂದಲೇ ಕೇಳಿ ಅಂದೇ ದಾಖಲೆ ಮಾಡಬೇಕು. ಮನೆಯ ಹಿರಿಯರೊಬ್ಬರು ಇರುವಾಗ ಇದು ಅರ್ಧ ಗಳಿಗೆಯ ಕೆಲಸ. ಮನೆ ಮಾರಾಟವಾಗಿ ಪೆಟ್ಟಿಗೆಯು ಮಠಕ್ಕೋ ಸಂಸ್ಥೆಗೋ ಬಂದು ಸೇರಿದ ಮೇಲೆ ಕೊನೆಯ ಗರಿಯ ಮೇಲಿನ ಎರಡು ಅಕ್ಷರಗಳ ಹೊರತು ಕೇಳುವುದಕ್ಕೆ ಯಾರೂ ಇರುವುದಿಲ್ಲ.